ಏರಿಯ ಮೇಲೆ ನಿಂತು ಕಂಡ ಹೊಳೆ: ಡಚ್ಚರ ನದಿ ರೇಖಾಚಿತ್ರಗಳಲ್ಲಿ ಏನಿದೆ?

ಏರಿದಾರಿ (ಚರ್ಚೆಯ ಆರಂಭ)

ಆಮ್‌ಸ್ಟರ್‌ಡಾಮಿನ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಆಮ್‌ಸ್ಟೆಲ್‌ವೇನ್ ಊರಿನಲ್ಲಿ ನಾನು ಕೆಲವು ವರ್ಷಗಳಿಂದ ವಾಸವಾಗಿದ್ದೇನೆ. ಭಾನುವಾರಗಳಲ್ಲಿ ಆಮ್‌ಸ್ಟೆಲ್ ಹೊಳೆಯ ಏರಿಯ ಮೇಲೆ ಔಡರ್‌ಕೆರ್ಕ್ ಹಳ್ಳಿಯವರೆಗೆ ನಡೆದು ಬರುವುದು ಅಭ್ಯಾಸವಾಗಿಬಿಟ್ಟಿದೆ. ದಾರಿಯಲ್ಲಿ ರೀಕರ್‌ಮೋಲನ್ ಎಂಬ ಗಾಳಿಗಿರಣಿಯೂ ಅದರ ಬಳಿ ಚಿತ್ರ ಬರೆಯುವ ಭಂಗಿಯಲ್ಲಿರುವ, 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಪ್ರತಿಮೆಯೂ ಸಿಗುತ್ತವೆ. ಆ ಗಿರಣಿಯನ್ನು ಬೇರೊಂದು ಕಡೆಯಿಂದ ಬಿಚ್ಚಿ ತಂದು 1961ರಲ್ಲಿ ಅಲ್ಲಿ ನಿಲ್ಲಿಸಿದ್ದರಿಂದ ರೆಂಬ್ರಾಂಟ್ ಅದನ್ನು ಆ ಜಾಗದಲ್ಲಿ ಕಂಡಿರಲಾರ. ಆದರೆ ಹೊಳೆಯ ಆ ತಿರುವುಗಳಲ್ಲಿ ಅವನು ನಡೆದಾಡಿದ್ದು ನಿಜ. 1640ರ ದಶಕದಿಂದ 1650ರ ದಶಕದ ಆರಂಭದವರೆಗೆ ಅವನು ನಗರದ ಸುತ್ತಲಿನ ಹೊಳೆ, ಏರಿ, ಹುಲ್ಲುಗಾವಲುಗಳನ್ನು ಮತ್ತೆ ಮತ್ತೆ ಬರೆದ. ಫ್ರಿಟ್ಸ್ ಲುಗ್ಟ್ ಎಂಬ ಕಲಾವಿದ್ವಾಂಸರು ಆ ಹಾಳೆಗಳನ್ನು ಹಿಡಿದು ಊರು ಸುತ್ತಿ, ಯಾವ ಚಿತ್ರ ಯಾವ ಜಾಗದ್ದೆಂದು ಗುರುತಿಸಿ 1915ರಲ್ಲಿಯೇ ಪ್ರಕಟಿಸಿದ್ದಾರೆ.

ಅವುಗಳಲ್ಲಿ ಒಂದು ಕೋಸ್ಟ್‌ಫರ್‌ಲೋರನ್ ಎಂಬ ಬಂಗಲೆಯ ಬಳಿಯ ತಿರುವಿನದು. ಸುಮಾರು 1650ರ ಈ ಹಾಳೆ ಈಗ ಇಂಗ್ಲೆಂಡಿನ ಚಾಟ್ಸ್‌ವರ್ತ್ ಸಂಗ್ರಹದಲ್ಲಿದೆ. ಬಂಗಲೆಯ ಹೆಸರಿನ ಅರ್ಥವೇ ‘ಹಾಕಿದ ಹಣ ಹಾಳು’ ಎಂಬಂತಿದೆ. ಮೆತ್ತನೆಯ ನೆಲದಲ್ಲಿ ಕಟ್ಟಿದ ಮನೆಯನ್ನು ನಿಲ್ಲಿಸಿಕೊಳ್ಳಲು ಒಡೆಯರು ಸುರಿದ ಹಣದ ನೆನಪು ಅದು. ಅಷ್ಟು ದೊಡ್ಡ ಮನೆಯನ್ನು ರೆಂಬ್ರಾಂಟ್ ಮರಗಳ ನಡುವೆ ಮರೆಮಾಡಿ, ಹೊಳೆಯ ಬಾಗನ್ನೂ ಒಂದು ಚಿಕ್ಕ ದೋಣಿಯನ್ನೂ ದಂಡೆಯ ದಾರಿಯಲ್ಲಿ ಸಾಗುವ ಕುದುರೆ ಸವಾರರನ್ನೂ ಮುಂದಕ್ಕೆ ತಂದಿದ್ದಾನೆ. ಆಮ್‌ಸ್ಟೆಲ್ ದಂಡೆಯ ಒಂದು ಜಾಗವನ್ನು ತೋರಿಸುವ 1645ರ ‘ಓಮ್‌ವಾಲ್’ ಎಂಬ ಎಚಿಂಗ್‌ನಲ್ಲಿಯೂ (ತಾಮ್ರದ ತಗಡನ್ನು ಆಮ್ಲದಿಂದ ಕೊರೆದು ತೆಗೆದ ಅಚ್ಚುಚಿತ್ರ) ಹೀಗೆಯೇ. ಎಡಕ್ಕೆ ಸೀಳುಬಿಟ್ಟ ಮುದಿ ವಿಲ್ಲೋ ಮರ, ಅದರ ಎಲೆಗಳ ಕತ್ತಲಲ್ಲಿ ಕಷ್ಟಪಟ್ಟು ಹುಡುಕಿದರೆ ಕಾಣುವ ಪ್ರೇಮಿಗಳು, ಬಲಕ್ಕೆ ನಮಗೆ ಬೆನ್ನು ಮಾಡಿ ಹೊಳೆಯನ್ನು ನೋಡುತ್ತ ನಿಂತ ಒಬ್ಬ ಮನುಷ್ಯ. ಇವತ್ತು ಅದೇ ಓಮ್‌ವಾಲ್‌ನಲ್ಲಿ 135 ಮೀಟರ್ ಎತ್ತರದ ಕಚೇರಿ ಕಟ್ಟಡ ನಿಂತಿದೆ, ಅದಕ್ಕೆ ರೆಂಬ್ರಾಂಟನದೇ ಹೆಸರಿದೆ.

ನನ್ನನ್ನು ಕಾಡುವ ಪ್ರಶ್ನೆ ಇದು. ಈ ಚಿತ್ರಗಳಲ್ಲಿ ಬೆಟ್ಟವಿಲ್ಲ, ಜಲಪಾತವಿಲ್ಲ, ದೇವತೆಗಳಿಲ್ಲ, ಕಥೆಯಿಲ್ಲ. ಒಂದು ಬಾಗು, ಒಂದು ಬೇಲಿ, ಒಂದು ದೋಣಿ ಇವೆ, ಉಳಿದದ್ದು ಆಕಾಶ. ಆದರೂ 17ನೇ ಶತಮಾನದ ಡಚ್ಚರು ಇಂಥವನ್ನು ಸಾವಿರಗಟ್ಟಲೆ ಬರೆದರು, ಕೊಂಡರು, ಆಲ್ಬಮ್‌ಗಳಲ್ಲಿ ಅಂಟಿಸಿ ಕಾಪಾಡಿದರು. ಏಕೆ? ಏರಿಯ ಮೇಲೆ ನಡೆಯುತ್ತ ನನಗೆ ಹೊಳೆದ ಉತ್ತರ ಇಷ್ಟು: ಈ ಚಿತ್ರಗಳಲ್ಲಿರುವ ಕಣ್ಣು ಏರಿಯ ಮೇಲೆ ನಿಂತ ಮನುಷ್ಯನ ಕಣ್ಣು. ಸಪಾಟಾದ ನಾಡಿನಲ್ಲಿ ನಾಲ್ಕು ಅಡಿ ಎತ್ತರಕ್ಕೆ ಏರಿದರೂ ನೋಟ ಮೈಲುಗಟ್ಟಲೆ ಹರಡುತ್ತದೆ, ಮತ್ತು ಆ ಎತ್ತರವನ್ನು ಅಲ್ಲಿ ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಮಣ್ಣು ಹೊತ್ತು ಕಟ್ಟಿದ್ದು. ಒಂದು ಕಡೆ ಹೊಳೆಯ ನೀರು, ಇನ್ನೊಂದು ಕಡೆ ಅದಕ್ಕಿಂತ ನಾಲ್ಕೈದು ಮೀಟರ್ ತಗ್ಗಿನಲ್ಲಿರುವ ಹೊಲ, ನಡುವೆ ಸಮುದಾಯದ ದುಡಿಮೆಯಾದ ಏರಿ: ಅಲ್ಲಿ ನಿಂತಾಗಲೇ ಆ ದೃಶ್ಯ ಹುಟ್ಟುತ್ತದೆ. ಹಾಗಾಗಿ ಇದನ್ನು ಮುಟ್ಟದ ನಿಸರ್ಗದ ಸ್ತುತಿಯೆಂದು ಓದುವುದು ತಪ್ಪೆಂದು ನನ್ನ ಅನಿಸಿಕೆ. ಚಿತ್ರಕಲೆ, ಇತಿಹಾಸ, ನೀರಿನ ಕೆಲಸ ಬಲ್ಲವರು ಇಲ್ಲಿ ಇದ್ದೀರಿ, ದಯವಿಟ್ಟು ಬರೆಯಿರಿ.

ಮಸಿಕುಡಿಕೆ

ಏರಿದಾರಿ ಅವರಿಗೆ ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಚಿತ್ರಕಲೆ ಪಾಠ ಮಾಡುತ್ತಿರುವವಳಾಗಿ ನಾನು ಕೈಯ ಕಡೆಯಿಂದ ಹೇಳುತ್ತೇನೆ. ಈ ಚಿತ್ರಗಳ ಅರ್ಥ ಹಾಳೆಯ ಮೇಲಿನ ಗೆರೆಯಲ್ಲಿ ಎಷ್ಟಿದೆಯೋ ಬಿಟ್ಟ ಬಿಳಿಯಲ್ಲಿ ಅಷ್ಟೇ ಇದೆ. ರೆಂಬ್ರಾಂಟ್ ಹಕ್ಕಿಯ ಗರಿಯಿಂದಲೂ ಜೊಂಡಿನ ಲೆಕ್ಕಣಿಕೆಯಿಂದಲೂ ಕಂದು ಮಸಿಯಲ್ಲಿ ಬರೆದ. ಜೊಂಡಿನ ಕಡ್ಡಿ ಮಸಿಯನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ, ಗೆರೆ ಬೇಗ ಒಣಗಿ ಒರಟಾಗುತ್ತದೆ. ಆ ಒರಟುತನವನ್ನೇ ಅವನು ದಂಡೆಯ ಹುಲ್ಲಿಗೆ ಬಳಸಿಕೊಂಡ. ಹತ್ತಿರದ ದಂಡೆಗೆ ದಪ್ಪ ಗೆರೆ, ಆಚೆಯ ದಂಡೆಗೆ ಕೂದಲೆಳೆಯಷ್ಟು ತೆಳು ಗೆರೆ, ನಡುವೆ ಏನೂ ಇಲ್ಲ. ಆ ಏನೂ ಇಲ್ಲದ ಬಿಳಿ ಹಾಳೆಯೇ ಹೊಳೆ. ನನ್ನ ವಿದ್ಯಾರ್ಥಿಗಳಿಗೆ ನೀರನ್ನು ಬರೆಯಲು ಹೇಳಿದರೆ ಮೊದಲು ಅಲೆಗಳನ್ನು ಎಳೆಯಲು ಹೊರಡುತ್ತಾರೆ. ಅಲೆಯನ್ನು ಬರೆಯದೆ ನೀರನ್ನು ಕಾಣಿಸುವುದು ಕಲಿಯಲು ವರ್ಷಗಳು ಬೇಕು.

ನದಿಯ ವಿಷಯಕ್ಕೆ ಬಂದರೆ ನನ್ನ ಮಟ್ಟಿಗೆ ರೆಂಬ್ರಾಂಟನಿಗಿಂತ ಯಾನ್ ವಾನ್ ಗೋಯೆನ್ ಹೆಚ್ಚು ಮುಖ್ಯ. 1596ರಲ್ಲಿ ಲೈಡನ್‌ನಲ್ಲಿ ಹುಟ್ಟಿ, ಹಾರ್ಲೆಮ್‌ನಲ್ಲಿ ಎಸಾಯಸ್ ವಾನ್ ಡೆ ವೆಲ್ಡೆಯ ಬಳಿ ಕಲಿತು, 1656ರಲ್ಲಿ ಹೇಗ್‌ನಲ್ಲಿ ತೀರಿಕೊಂಡ ಈ ಕಲಾವಿದ ಜೀವನವಿಡೀ ಚಿಕ್ಕ ಪುಸ್ತಕಗಳನ್ನು ಹಿಡಿದು ನದಿಗಳ ಉದ್ದಕ್ಕೆ ಅಲೆದ. ಕಪ್ಪು ಚಾಕ್‌ನಲ್ಲಿ ಸರಸರನೆ ಗೀಚಿಕೊಳ್ಳುವುದು, ಆಮೇಲೆ ಬೂದು ಬಣ್ಣದ ವಾಶ್, ಅಂದರೆ ನೀರು ಬೆರೆಸಿದ ತೆಳು ಮಸಿಯ ಲೇಪ, ಹಾಕಿ ತೇವದ ಗಾಳಿಯನ್ನು ತರುವುದು ಅವನ ಕ್ರಮ. ದಡದಲ್ಲಿ ಕೂಳಿ ಹಾಕುವ ಬೆಸ್ತರು, ದನಗಳನ್ನು ತುಂಬಿಕೊಂಡ ಹರಿಗೋಲಿನಂಥ ಸಪಾಟು ದೋಣಿ, ದೂರದಲ್ಲಿ ಒಂದು ಚರ್ಚಿನ ಗೋಪುರ, ಹಾಳೆಯ ಮುಕ್ಕಾಲು ಪಾಲು ಮೋಡ. ‘ವಿಜಿ’ ಎಂಬ ಅಂಕಿತ ಮತ್ತು ಇಸವಿ ಹಾಕಿ ಮಾರುವುದಕ್ಕೆಂದೇ ಮುಗಿಸಿದ ಹಾಳೆಗಳು ಅವನಲ್ಲಿ ಬಹಳ, 1653ರ ಇಸವಿಯವು ವಿಶೇಷವಾಗಿ ಹೆಚ್ಚು. 1637ರಲ್ಲಿ ಬೆಲೆ ಕುಸಿಯುವ ಹೊಸ್ತಿಲಲ್ಲಿ ಟ್ಯುಲಿಪ್ ಗಡ್ಡೆಗಳನ್ನು ಕೊಂಡು ಸಾಲಕ್ಕೆ ಬಿದ್ದವನು ಅವನು. ಆ ಸಾಲ ಸಾಯುವವರೆಗೂ ತೀರಲಿಲ್ಲ. ಅಷ್ಟೊಂದು ಚಿತ್ರಗಳ ಹಿಂದೆ ಮನೆ ನಡೆಸುವ ಒತ್ತಡವೂ ಇತ್ತೆಂದು ನಾವು ಮರೆಯಬಾರದು.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಏರಿಯ ಮೇಲೆ ನಿಂತು ಕಂಡದ್ದನ್ನು ಕಂಡಂತೆ ಬರೆದರು ಎಂಬ ಧ್ವನಿ ನಿಮ್ಮ ಮಾತಿನಲ್ಲಿದೆ. ಆ ಕಾಲದ ಡಚ್ ಕಲಾವಿದರಿಗೆ ‘ನಾರ್ ಹೆಟ್ ಲೇವನ್’, ಅಂದರೆ ಎದುರಿಗಿರುವುದನ್ನು ನೋಡಿ ಬರೆಯುವುದು, ಮತ್ತು ‘ಔಟ್ ಡೆನ್ ಗೇಸ್ಟ್’, ಅಂದರೆ ಮನಸ್ಸಿನಿಂದ ಬರೆಯುವುದು, ಎಂಬ ಎರಡು ಮಾತುಗಳು ಚೆನ್ನಾಗಿ ಗೊತ್ತಿದ್ದವು. ಕಲಾವಿದನೂ ಲೇಖಕನೂ ಆಗಿದ್ದ ಕಾರೆಲ್ ವಾನ್ ಮಾಂಡರ್ 1604ರಲ್ಲಿ ಕಿರಿಯ ಕಲಾವಿದರಿಗೆ, ನಸುಕಿನಲ್ಲಿಯೇ ಬರೆಯುವ ಸಾಮಾನು ಹಿಡಿದು ಊರ ಹೊರಗೆ ಹೋಗಿ ಎಂದು ಬುದ್ಧಿ ಹೇಳಿದ. ಅದರ ಉದ್ದೇಶ ಮನೆಗೆ ಬಂದ ಮೇಲೆ ಕಟ್ಟುವ ಚಿತ್ರಕ್ಕೆ ಸಾಮಗ್ರಿ ಕೂಡಿಸುವುದು. ವಾನ್ ಗೋಯೆನ್ ಒಂದು ಊರಿನ ಗೋಪುರವನ್ನು ಇನ್ನೊಂದು ಹೊಳೆಯ ದಂಡೆಯಲ್ಲಿ ನಿಲ್ಲಿಸಲು ಹಿಂಜರಿಯಲಿಲ್ಲ. ಬಯಲಿನಲ್ಲಿ ಬರೆದ ಹಾಳೆಯನ್ನೂ ಮನೆಯಲ್ಲಿ ಕೂತು ಜೋಡಿಸಿದ ಹಾಳೆಯನ್ನೂ ಬೇರೆ ಬೇರೆ ಇಟ್ಟುಕೊಂಡೇ ಈ ಚರ್ಚೆ ನಡೆಯಬೇಕು.

ಹಳೇಪುಟ

ನನ್ನದೊಂದು ಸಂದೇಹ. ಈ ಚಿತ್ರಗಳಲ್ಲಿ ದಾಟುವ ದೋಣಿ ಇಷ್ಟೊಂದು ಸಲ ಬರುವುದು ಬರಿಯ ನೋಟಕ್ಕಾಗಿಯೇ? ನಮ್ಮ ದಾಸರ ಪದಗಳಲ್ಲಿ ಅಂಬಿಗ, ದೋಣಿ, ತುಂಬಿದ ಹೊಳೆ ಎಂದ ಕೂಡಲೇ ಸಂಸಾರವನ್ನು ದಾಟಿಸುವ ಮಾತು ಕೇಳಿಸುತ್ತದೆ. ಪ್ರತಿ ಭಾನುವಾರ ದೀರ್ಘ ಪ್ರವಚನ ಕೇಳುತ್ತಿದ್ದ, ಮನೆಮನೆಯಲ್ಲಿ ಬೈಬಲ್ ಓದುತ್ತಿದ್ದ ಆ ಜನ ದೋಣಿಯಲ್ಲಿ ಆತ್ಮದ ಪಯಣವನ್ನು ಕಾಣಲಿಲ್ಲವೆಂದರೆ ನಂಬುವುದು ಕಷ್ಟ. ಮುರಿದ ಮರ, ಪಾಳುಬಿದ್ದ ಕೋಟೆ ಎಲ್ಲವೂ ನಶ್ವರತೆಯ ಗುರುತುಗಳಲ್ಲವೇ?

ಏರಿದಾರಿ

ಹಳೇಪುಟ ಅವರೇ, ನಿಮ್ಮ ಪ್ರಶ್ನೆಯನ್ನು ಕಲಾ ಇತಿಹಾಸಕಾರರೂ ದಶಕಗಳಿಂದ ಎತ್ತಿ ವಾದಿಸುತ್ತ ಬಂದಿದ್ದಾರೆ. ಪ್ರತಿಯೊಂದು ದೋಣಿಗೂ ಸೇತುವೆಗೂ ಧಾರ್ಮಿಕ ಅರ್ಥ ಹಚ್ಚುವವರು ಒಂದು ಕಡೆ, ಕಾಣುವುದನ್ನು ವರ್ಣಿಸುವ ಸಂತೋಷವೇ ಸಾಕೆನ್ನುವವರು ಇನ್ನೊಂದು ಕಡೆ. ಆ ಕಾಲದ ನೀತಿಚಿತ್ರಗಳ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಪದ್ಯವಿದ್ದು ಅರ್ಥವನ್ನು ಬಿಡಿಸಿ ಹೇಳುತ್ತಿದ್ದವು. ಅಂಥ ಕಡೆ ದೋಣಿಗೆ ಎರಡನೆಯ ಅರ್ಥವಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು. ವಾನ್ ಗೋಯೆನ್‌ನ ಕಿಸೆಪುಸ್ತಕದ ಹಾಳೆಯಲ್ಲಿ ಅಂಥ ಪದ್ಯವಿಲ್ಲ. ಆ ಹಾಳೆಯನ್ನು ಕೈಗೆತ್ತಿಕೊಂಡ ಒಬ್ಬ ಭಕ್ತನಿಗೆ ಆತ್ಮದ ಪಯಣ ನೆನಪಾಗಿರಬಹುದು, ಸುಂಕದ ಗುತ್ತಿಗೆದಾರನಿಗೆ ದೋಣಿಯ ಬಾಡಿಗೆ ನೆನಪಾಗಿರಬಹುದು.

ಆ ಕಾಲದವನೇ ಒಬ್ಬ ಬರೆದಿಟ್ಟ ಮಾತು ಇಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಕವಿಯೂ ರಾಜಕುಮಾರರ ಕಾರ್ಯದರ್ಶಿಯೂ ಆಗಿದ್ದ, ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್‌ನ ತಂದೆ ಕಾನ್‌ಸ್ಟಾಂಟೈನ್ ಹೈಗನ್ಸ್ 1630ರ ಆಸುಪಾಸಿನಲ್ಲಿ ತನ್ನ ಆತ್ಮಕಥನದಲ್ಲಿ ತನ್ನ ನಾಡಿನ ನಿಸರ್ಗ ಚಿತ್ರಕಾರರನ್ನು ಮೆಚ್ಚಿ ಬರೆದಿದ್ದಾನೆ. ಎಸಾಯಸ್ ವಾನ್ ಡೆ ವೆಲ್ಡೆ, ವಾನ್ ಗೋಯೆನ್ ಮೊದಲಾದವರ ಕೆಲಸದಲ್ಲಿ ಬಿಸಿಲಿನ ಕಾವು ಮತ್ತು ತಂಗಾಳಿಯ ಚಲನೆ ಇವೆರಡರ ಹೊರತು ಬೇರೆ ಯಾವ ಕೊರತೆಯೂ ಇಲ್ಲವೆಂಬುದು ಅವನ ಮಾತಿನ ಸಾರ. ಅವನು ದೈವಭಕ್ತ, ಧಾರ್ಮಿಕ ಪದ್ಯಗಳನ್ನೂ ಬರೆದವನು. ಆದರೂ ಈ ಚಿತ್ರಗಳ ಮುಂದೆ ಅವನ ಬಾಯಿಂದ ಮೊದಲು ಬಂದದ್ದು ಬಿಸಿಲು ಮತ್ತು ಗಾಳಿಯ ಮಾತು. ಮಸಿಕುಡಿಕೆ ಮೇಡಂ ಕೊಟ್ಟ ಎಚ್ಚರಿಕೆಯನ್ನು ಒಪ್ಪುತ್ತೇನೆ. ಗೋಪುರವನ್ನು ಎತ್ತಿ ಬೇರೆ ಕಡೆ ಇಡಬಹುದು, ನೋಟದ ಎತ್ತರ ಮಾತ್ರ ಏರಿಯದಾಗಿಯೇ ಉಳಿಯುತ್ತದೆ ಎಂಬುದು ನನ್ನ ವಾದ.

ಕೋಟೆಬಾಗಿಲು

ಇತಿಹಾಸದ ಓದುಗನಾಗಿ ನಾನು ಬೇರೊಂದು ದಾರಿಯಿಂದ ಬರುತ್ತೇನೆ. ಇಸವಿಗಳನ್ನು ನೋಡಿ. ಸ್ಪೇನಿನ ಅರಸೊತ್ತಿಗೆಯ ವಿರುದ್ಧ ಡಚ್ಚರು ನಡೆಸಿದ ಯುದ್ಧ 1568ರಲ್ಲಿ ಶುರುವಾಗಿ 1648ರಲ್ಲಿ ಮುಗಿಯಿತು. ನಡುವೆ 1609ರಿಂದ 1621ರವರೆಗೆ ಹನ್ನೆರಡು ವರ್ಷ ಕದನವಿರಾಮವಿತ್ತು. ಹೆಂಡ್ರಿಕ್ ಗೋಲ್ಟ್‌ಸಿಯುಸ್ 1603ರಲ್ಲಿಯೇ ಹಾರ್ಲೆಮ್ ಬಳಿಯ ಮರಳುದಿಬ್ಬದ ಮೇಲೆ ನಿಂತು ತನ್ನ ನಾಡನ್ನು ಗರಿಯ ಲೇಖನಿಯಲ್ಲಿ ವಿಶಾಲವಾಗಿ ಬರೆದಿದ್ದನೇನೋ ನಿಜ, ಆದರೆ ಅಂಥ ಚಿತ್ರಗಳು ಜನರ ಕೈಗೆ ಬಂದದ್ದು ಕದನವಿರಾಮದ ವರ್ಷಗಳಲ್ಲಿ. ಕ್ಲಾಸ್ ಯಾನ್ಸ್ ವಿಸ್ಸರ್ 1611–12ರ ಸುಮಾರಿಗೆ ಹಾರ್ಲೆಮ್ ಸುತ್ತಲಿನ ‘ಮನೋಹರ ತಾಣಗಳ’ ಸಣ್ಣ ಅಚ್ಚುಚಿತ್ರಗಳ ಸರಣಿಯನ್ನು ಹೊರತಂದ. ಊರ ಹೊರಗೆ ಅಂಜಿಕೆಯಿಲ್ಲದೆ ನಡೆದುಹೋಗಬಹುದು ಎಂಬುದೇ ಆಗ ಹೊಸ ಅನುಭವ. ಅದೇ ಕಾಲದಲ್ಲಿ ಕೆರೆಗಳನ್ನು ಬತ್ತಿಸಿ ನೆಲ ಮಾಡುವ ಕೆಲಸವೂ ಜೋರಾಗಿತ್ತು, 1612ರಲ್ಲಿ ಬೇಮ್‌ಸ್ಟರ್ ಎಂಬ ದೊಡ್ಡ ಸರೋವರ ಹೊಲವಾಯಿತು. ಆಳುವ ದೊರೆಯ ನಾಡಾಗಿದ್ದದ್ದು ನಮ್ಮ ನಾಡಾಯಿತು ಎಂಬ ಭಾವ ಈ ಚಿಕ್ಕ ಹಾಳೆಗಳ ಹಿಂದೆ ಇದೆಯೆಂದು ನಾನು ನಂಬುತ್ತೇನೆ. ಡಚ್ಚರ ‘ಲಾಂಡ್‌ಸ್ಕಾಪ್’ ಎಂಬ ಮಾತು ಮೊದಲು ಒಂದು ಪ್ರದೇಶಕ್ಕೆ, ಒಂದು ಸೀಮೆಗೆ ಸಲ್ಲುತ್ತಿದ್ದ ಮಾತು. ಚಿತ್ರಕ್ಕೆ ಸಲ್ಲುವ ಪದವಾಗಿ ಇಂಗ್ಲಿಷರು ಅದನ್ನು ಡಚ್ಚರಿಂದ ಪಡೆದರು.

ನದಿಗಳ ಪೈಕಿ ವಾಲ್ ನದಿಯ ದಂಡೆಯ ನೈಮೇಗನ್ ಪಟ್ಟಣವನ್ನು ತೆಗೆದುಕೊಳ್ಳೋಣ. ದಿಬ್ಬದ ಮೇಲೆ ವಾಲ್ಕ್‌ಹೋಫ್ ಕೋಟೆ, ಕೆಳಗೆ ಅಗಲವಾದ ಹೊಳೆ, ಹೊಳೆಯಲ್ಲಿ ದಾಟುದೋಣಿ. ವಾನ್ ಗೋಯೆನ್ ಈ ನೋಟವನ್ನು ಮತ್ತೆ ಮತ್ತೆ ಮಾಡಿದ, ಡೋರ್ಡ್ರೆಕ್ಟ್‌ನ ಆಲ್ಬರ್ಟ್ ಕೈಪ್ 1650ರ ದಶಕದ ಆರಂಭದಲ್ಲಿ ರೈನ್ ದಂಡೆಯ ಪಯಣದಲ್ಲಿ ಬಂದು ಬರೆದುಕೊಂಡ. ಆ ಕೋಟೆ ಷಾರ್ಲಮೇನ್ ದೊರೆಯ ಅರಮನೆಯ ಜಾಗ. ಅದಕ್ಕೂ ಹಿಂದೆ, ಕ್ರಿ.ಶ. 69ರಲ್ಲಿ ರೋಮನ್ನರ ವಿರುದ್ಧ ಬಂಡೆದ್ದ ಬಟಾವಿಯನ್ ಜನರ ನಾಯಕ ಕ್ಲಾಡಿಯುಸ್ ಸಿವಿಲಿಸ್‌ನ ನೆನಪು ಆ ಸೀಮೆಗೆ ಅಂಟಿಕೊಂಡಿತ್ತು. ಬಟಾವಿಯನ್ನರೇ ತಮ್ಮ ಪೂರ್ವಿಕರೆಂದು 17ನೇ ಶತಮಾನದ ಡಚ್ಚರು ಹೆಮ್ಮೆಪಡುತ್ತಿದ್ದರು. ರೋಮ್ ಎಂದಲ್ಲಿ ಸ್ಪೇನ್ ಎಂದು ಓದಿಕೊಂಡರೆ ಸಾಕಾಗಿತ್ತು. ಹಾಗಿರುವಾಗ ಆ ಕೋಟೆಯೂ ಹೊಳೆಯೂ ಇರುವ ಹಾಳೆ ಗೋಡೆಯ ಮೇಲೆ ಬರಿಯ ಅಲಂಕಾರವಾಗಿ ಉಳಿಯಲಾರದು. ದುಃಖದ ಸಂಗತಿಯೆಂದರೆ ಆ ಕೋಟೆಯನ್ನು 1796–97ರಲ್ಲಿ ಕೆಡವಿ ಕಲ್ಲು ಮಾರಿದರು. ಇವತ್ತು ಅದು ಹೇಗಿತ್ತೆಂದು ತಿಳಿಯಲು ಈ ಚಿತ್ರಗಳೇ ಆಧಾರ.

ಆದರೆ ಏನು ಕಾಣುವುದಿಲ್ಲ ಎಂಬುದನ್ನೂ ನೋಡಬೇಕು. 1635ರ ಜುಲೈಯಿಂದ 1636ರ ಏಪ್ರಿಲ್‌ವರೆಗೆ ರೈನ್ ಕವಲೊಡೆಯುವ ಕಡೆಯಲ್ಲಿದ್ದ ಸ್ಕೆಂಕನ್‌ಸ್ಕಾನ್ಸ್ ಕೋಟೆಗಾಗಿ ಭೀಕರ ಮುತ್ತಿಗೆ ನಡೆಯಿತು. ಅದೇ ವರ್ಷಗಳಲ್ಲಿ ಅದೇ ನದಿಯ ಕೆಳಭಾಗದಲ್ಲಿ ಬೆಸ್ತರು ಸದ್ದಿಲ್ಲದೆ ಬಲೆ ಎಳೆಯುವ ಹಾಳೆಗಳು ರಾಶಿರಾಶಿಯಾಗಿ ತಯಾರಾಗುತ್ತಿದ್ದವು. ಈ ಶಾಂತಿ ಒಂದು ಆಯ್ಕೆ. ಕೊಳ್ಳುವವನು ಮನೆಯಲ್ಲಿ ಏನನ್ನು ನೋಡಲು ಬಯಸಿದನೋ ಅದನ್ನು ಕಲಾವಿದ ಕೊಟ್ಟ. 1672ರ ಬೇಸಿಗೆಯಲ್ಲಿ ರೈನ್ ಬತ್ತಿ ಫ್ರೆಂಚ್ ಸೇನೆ ಲೋಬಿತ್ ಬಳಿ ನದಿ ದಾಟಿ ಬಂದಾಗ, ಡಚ್ಚರು ತಮ್ಮ ಏರಿಗಳನ್ನು ತಾವೇ ಕಡಿದು, ತೂಬುಗಳನ್ನು ತೆರೆದು, ಹೊಲಗಳನ್ನು ನೀರಿನಲ್ಲಿ ಮುಳುಗಿಸಿ ಹಾಲೆಂಡ್ ಪ್ರಾಂತ್ಯವನ್ನು ಉಳಿಸಿಕೊಂಡರು. ಏರಿಯನ್ನು ಕಟ್ಟಿದ ಕೈಯೇ ಕಡಿದ ಆ ವರ್ಷವನ್ನು ನೆನೆದಾಗ ಹಳೆಯ ಹಾಳೆಗಳ ಶಾಂತಿ ನನಗೆ ಬೇರೆ ರೀತಿ ಕಾಣುತ್ತದೆ.

ತೂಬುಗಾರ

ನಾನು ನೀರಾವರಿ ಎಂಜಿನಿಯರ್ ಆಗಿ ನಿವೃತ್ತನಾದವನು. ಚಿತ್ರಕಲೆಯ ಶಾಸ್ತ್ರ ನನಗೆ ತಿಳಿಯದು. ಮಗಳ ಮನೆಗೆಂದು ಎರಡು ಸಲ ಆ ದೇಶಕ್ಕೆ ಹೋಗಿ ನದಿಗಳ ಏರಿಗಳನ್ನು ಮನಸಾರೆ ನೋಡಿದ್ದೇನೆ. ಮೊದಲು ಏರಿದಾರಿ ಅವರ ಒಂದು ಮಾತನ್ನು ತಿದ್ದಬೇಕು. ಆಮ್‌ಸ್ಟೆಲ್ ದಂಡೆಯಲ್ಲಿ ಹೊಳೆಗಿಂತ ನಾಲ್ಕೈದು ಮೀಟರ್ ತಗ್ಗಿನಲ್ಲಿ ಇವತ್ತು ನೀವು ಕಾಣುವ ಹೊಲಗಳು ರೆಂಬ್ರಾಂಟನ ಕಾಲದಲ್ಲಿ ಹಾಗಿರಲಿಲ್ಲ. ಅಲ್ಲಿಯ ನೆಲ ಪೀಟ್, ಅಂದರೆ ಸಸ್ಯಗಳು ಕೊಳೆತು ಆದ ಮಣ್ಣು. ಉರುವಲಿಗೆಂದು ಅದನ್ನು ಅಗೆದು ತೆಗೆದದ್ದರಿಂದ ಹೊಂಡಗಳಾಗಿ, ಹೊಂಡಗಳು ಕೆರೆಗಳಾಗಿ, ಆ ಕೆರೆಗಳನ್ನು ಮುಂದಿನ ಶತಮಾನಗಳಲ್ಲಿ ಬತ್ತಿಸಿದಾಗ ಈಗಿನ ಆಳದ ಹೊಲಗಳು ಬಂದವು. ಅವನು ಕಂಡ ಹುಲ್ಲುಗಾವಲು ಹೊಳೆಯ ಮಟ್ಟಕ್ಕೆ ಬಹಳ ಹತ್ತಿರವಿತ್ತು, ಏರಿ ಈಗಿನಷ್ಟು ಎದ್ದು ಕಾಣುತ್ತಿರಲಿಲ್ಲ. ಆದ್ದರಿಂದ ನಿಮ್ಮ ವಾದ ದೊಡ್ಡ ನದಿಗಳ ಏರಿಗಳಿಗೆ ಹೊಂದುವಷ್ಟು ಆಮ್‌ಸ್ಟೆಲ್‌ಗೆ ಹೊಂದುವುದಿಲ್ಲ.

ದೊಡ್ಡ ನದಿಗಳ ಕಥೆ ಬೇರೆ. ರೈನ್ ಗಡಿ ದಾಟಿ ಬಂದ ಸ್ವಲ್ಪ ದೂರದಲ್ಲಿಯೇ ಕವಲೊಡೆಯುತ್ತದೆ, ಸುಮಾರು ಮೂರರಲ್ಲಿ ಎರಡು ಪಾಲು ನೀರು ವಾಲ್‌ಗೆ ಹೋಗುತ್ತದೆ. ನದಿಯ ಪಕ್ಕದಲ್ಲಿ ತಗ್ಗಾದ ಬೇಸಿಗೆ ಏರಿ, ಅದರಿಂದ ದೂರದಲ್ಲಿ ಎತ್ತರದ ಚಳಿಗಾಲದ ಏರಿ, ಎರಡರ ನಡುವೆ ಔಟರ್‌ವಾರ್ಡ್ ಎಂಬ ನೆರೆಬಯಲು. ಚಳಿಗಾಲದಲ್ಲಿ ನೀರು ಅದನ್ನು ಮುಳುಗಿಸಿ ಮೆಕ್ಕಲು ಬಿಟ್ಟುಹೋಗುತ್ತದೆ, ಬೇಸಿಗೆಯಲ್ಲಿ ಅಲ್ಲಿ ದನ ಮೇಯುತ್ತವೆ. ಕೈಪ್ ಮತ್ತು ವಾನ್ ಗೋಯೆನ್ ಚಿತ್ರಗಳಲ್ಲಿ ನೀರಿನಂಚಿಗೆ ನಿಂತ ದನಗಳನ್ನು ನೋಡಿದಾಗ ನನಗೆ ಇದು ಬೇಸಿಗೆ ಎಂದು ಮೊದಲು ತಿಳಿಯುತ್ತದೆ. ಅದೇ ಜಾಗ ಜನವರಿಯಲ್ಲಿ ಹೊಳೆಯ ಪಾತ್ರವಾಗಿರುತ್ತದೆ.

ಇನ್ನೊಂದು ವಿಷಯ ಏರಿಯ ತಿರುವು. ನದಿ ನೇರವಾಗಿದ್ದರೂ ಏರಿ ಇದ್ದಕ್ಕಿದ್ದಂತೆ ಬಾಗಿ, ಒಂದು ದುಂಡಗಿನ ಕೊಳವನ್ನು ಬಳಸಿ, ಮತ್ತೆ ಮೊದಲಿನ ಸಾಲಿಗೆ ಬರುವುದನ್ನು ಅಲ್ಲಿ ಅನೇಕ ಕಡೆ ಕಾಣಬಹುದು. ಆ ಕೊಳಕ್ಕೆ ‘ವೀಲ್’ ಎನ್ನುತ್ತಾರೆ. ಎಂದೋ ಏರಿ ಒಡೆದಾಗ ನುಗ್ಗಿದ ನೀರು ಕೊರೆದ ಆಳದ ಗುಂಡಿ ಅದು. ಮುಚ್ಚಲಾಗದೆ, ಅದನ್ನು ಬಳಸಿ ಹೊಸ ಏರಿ ಕಟ್ಟಿದರು. ನಮಗೆ ಸುಂದರವಾದ ಬಾಗು, ಅಲ್ಲಿಯವರಿಗೆ ಒಡೆದ ರಾತ್ರಿಯ ಗಾಯದ ಗುರುತು. ಮೊಟಕು ತಲೆಯ ವಿಲ್ಲೋ ಮರಗಳೂ ಹಾಗೆಯೇ. ದನದ ಬಾಯಿಗೆ ಸಿಗದಷ್ಟು ಎತ್ತರದಲ್ಲಿ ಕಾಂಡವನ್ನು ಕಡಿದು, ಕೆಲವು ವರ್ಷಗಳಿಗೊಮ್ಮೆ ಚಿಗುರು ಕೊಂಬೆಗಳನ್ನು ಸವರಿ, ಅವನ್ನು ಹೆಣೆದು ಚಾಪೆ ಮಾಡಿ, ಕಲ್ಲು ಹೇರಿ ನದಿಯ ತಳಕ್ಕೆ ಇಳಿಸಿ ದಂಡೆ ಕೊರೆಯದಂತೆ ಕಾಯುತ್ತಿದ್ದರು. ರೆಂಬ್ರಾಂಟನಿಂದ ಹಿಡಿದು 1880ರ ದಶಕದಲ್ಲಿ ವಿನ್ಸೆಂಟ್ ವಾನ್ ಗೋ ಬರೆದ ಹಾಳೆಗಳವರೆಗೆ ಬರುವ ಆ ಮೊಂಡು ಮರಗಳು ನನ್ನ ಕಣ್ಣಿಗೆ ಏರಿ ಕಾಯುವ ಸಾಮಾನಿನ ಉಗ್ರಾಣ.

1651ರ ಮಾರ್ಚ್ 5ರಂದು ಬಿರುಗಾಳಿಯ ಉಬ್ಬರಕ್ಕೆ ಆಮ್‌ಸ್ಟರ್‌ಡಾಮ್ ಬಳಿಯ ಸಂತ ಅಂತೋನಿಯ ಏರಿ ಒಡೆಯಿತು. ಅದು ನದಿಯ ನೆರೆಯಲ್ಲ, ಸಮುದ್ರದ ಕಡೆಯಿಂದ ಬಂದ ನೀರು. ಯಾನ್ ಅಸ್ಸೆಲೈನ್ ಆ ಬಿರುಕನ್ನು ವರ್ಣಚಿತ್ರವಾಗಿ ಮಾಡಿದ, ವಾನ್ ಗೋಯೆನ್ ತನ್ನ ಪುಸ್ತಕದಲ್ಲಿ ಗೀಚಿಕೊಂಡ. 1421ರ ಸಂತ ಎಲಿಜಬೆತ್ ನೆರೆಯಲ್ಲಿ ಡೋರ್ಡ್ರೆಕ್ಟ್ ಸುತ್ತಲಿನ ಹಳ್ಳಿಗಳು ಮುಳುಗಿ ಬೀಸ್‌ಬೋಸ್ ಎಂಬ ಜೌಗುನಾಡು ಹುಟ್ಟಿದ್ದೂ ಜನರ ನೆನಪಿನಲ್ಲಿತ್ತು. ಅಂಥ ನೆನಪಿರುವವರು ಶಾಂತವಾದ ಹೊಳೆಯ ಚಿತ್ರ ಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ?

ಈಗಿನ ಮಾತು ಹೇಳಿ ಮುಗಿಸುತ್ತೇನೆ. 1970ರ ದಶಕದಲ್ಲಿ ನದಿ ಏರಿಗಳನ್ನು ಎತ್ತರಿಸಿ ನೇರಮಾಡಲು ಹೊರಟಾಗ ವಾಲ್ ದಂಡೆಯ ಬ್ರಾಕೆಲ್‌ನಂಥ ಊರುಗಳಲ್ಲಿ ಏರಿಯ ಮೇಲಿನ ಹಳೆಯ ಮನೆಗಳನ್ನೇ ಕೆಡವಲಾಯಿತು. ನಿವಾಸಿಗಳೂ ಕಲಾವಿದರೂ ವಿರೋಧಿಸಿದರು, ಹಳೆಯ ಚಿತ್ರಗಳಲ್ಲಿದ್ದ ನೋಟವೇ ಅಳಿಸಿಹೋಗುತ್ತಿದೆ ಎಂದರು. ಭೂದೃಶ್ಯ, ನಿಸರ್ಗ, ಸಂಸ್ಕೃತಿ ಈ ಮೂರನ್ನೂ ಏರಿಯ ವಿನ್ಯಾಸದಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂಬ ನಿಲುವಿಗೆ ಸರ್ಕಾರ ನಿಧಾನವಾಗಿ ಬಂತು. ಅಷ್ಟರಲ್ಲಿ 1995ರ ಆರಂಭದ ನೆರೆಯಲ್ಲಿ ಸುಮಾರು 2,50,000 ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಬಂದದ್ದು ‘ನದಿಗೆ ಜಾಗ’ ಎಂಬ ಯೋಜನೆ. ಏರಿಯನ್ನು ಎತ್ತರಿಸುವ ಬದಲು ಹಿಂದಕ್ಕೆ ಸರಿಸಿ ನೀರಿಗೆ ಅಗಲ ಕೊಟ್ಟರು, ನೈಮೇಗನ್ ಎದುರಿನ ಲೆಂಟ್‌ನಲ್ಲಿ ಏರಿ 350 ಮೀಟರ್ ಹಿಂದಕ್ಕೆ ಹೋಯಿತು. ಏರಿ ಸರಿದ ಜಾಗದಲ್ಲಿ ನದಿಗೆಂದು ತೋಡಿದ ಹೊಸ ಕವಲಿನ ದಂಡೆಯಲ್ಲಿ ನಾನು ನಿಂತಾಗ ಎದುರಿಗೆ ವಾಲ್ಕ್‌ಹೋಫ್ ದಿಬ್ಬ ಕಾಣುತ್ತಿತ್ತು. ನಾಲ್ಕು ದಶಕ ಅಣೆಕಟ್ಟು, ನಾಲೆಗಳ ನಡುವೆ ದುಡಿದವನಿಗೆ, ನದಿಗೆ ಜಾಗ ಬಿಟ್ಟುಕೊಟ್ಟದ್ದನ್ನು ಕಣ್ಣಾರೆ ಕಂಡು ಗಂಟಲು ಕಟ್ಟಿತು.

ಹಳೇಪುಟ

ತೂಬುಗಾರ ಸರ್, ವೀಲ್ ಕೊಳದ ವಿವರಕ್ಕೆ ಕೃತಜ್ಞತೆಗಳು. ಇನ್ನೊಂದು ಕೇಳುತ್ತೇನೆ: ಇದೇ ವರ್ಷಗಳಲ್ಲಿ ಡಚ್ಚರ ಹಡಗುಗಳು ನಮ್ಮ ಕರಾವಳಿಗೂ ಬರುತ್ತಿದ್ದವು. ಈ ರೇಖಾಚಿತ್ರಗಳಿಗೂ ಭಾರತಕ್ಕೂ ಏನಾದರೂ ನಂಟಿದೆಯೇ?

ಮಸಿಕುಡಿಕೆ

ಹಳೇಪುಟ ಅವರೇ, ನದಿಯ ಹಾಳೆಗಳಿಗೆ ನೇರವಾದ ನಂಟಿಲ್ಲ, ಎಳೆದು ತರಬಾರದು. ಆದರೆ ಅದೇ ಕೈಗೆ ನಂಟಿದೆ. ರೆಂಬ್ರಾಂಟ್ 1656ರಿಂದ 1661ರ ನಡುವೆ ಮೊಘಲ್ ಕಿರುಚಿತ್ರಗಳನ್ನು ನೋಡಿ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಜಹಾಂಗೀರ್, ಷಹಜಹಾನರ ಆಕೃತಿಗಳನ್ನು ಅವನು ಏಷ್ಯಾದಿಂದ ಬಂದ ನುಣುಪು ಕಾಗದದ ಮೇಲೆ, ತನಗೆ ಅಭ್ಯಾಸವಾಗಿದ್ದಕ್ಕಿಂತ ಬಹಳ ಸೂಕ್ಷ್ಮವಾದ ಗೆರೆಯಲ್ಲಿ ಬರೆದ. ಅವನು ತನ್ನ ಎಚಿಂಗ್‌ಗಳನ್ನು ಅಚ್ಚುಹಾಕಲು ಬಳಸಿದ ಜಪಾನಿ ಕಾಗದವೂ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಬಂದದ್ದು. ಕೋಟೆಬಾಗಿಲು ಅವರು ಹೇಳಿದ ‘ಕಾಣದಿರುವುದರ’ ಪಟ್ಟಿಗೆ ಇದನ್ನೂ ಸೇರಿಸುತ್ತೇನೆ. ಹೊಳೆಯ ಹಾಳೆಯಲ್ಲಿ ಮೀನು ಹಿಡಿಯುವ ದೋಣಿಯಿದೆ. ಅದನ್ನು ಕೊಂಡವನ ಹಣದಲ್ಲಿ ಮೆಣಸು, ಬಟ್ಟೆ ಹೊತ್ತು ಬಂದ ಹಡಗಿನ ಪಾಲೂ ಇದ್ದಿರಬಹುದು.

ಏರಿದಾರಿ

ತೂಬುಗಾರ ಸರ್, ನಿಮ್ಮ ತಿದ್ದುಪಡಿಯನ್ನು ಪೂರ್ತಿಯಾಗಿ ಒಪ್ಪಿಕೊಂಡಿದ್ದೇನೆ. ಇವತ್ತಿನ ಆಳದ ಹೊಲವನ್ನು ನೋಡಿ ಅಂದಿನ ಚಿತ್ರವನ್ನು ಓದಿದ್ದು ನನ್ನ ತಪ್ಪು. ನಿನ್ನೆ ಕೋಸ್ಟ್‌ಫರ್‌ಲೋರನ್ ತಿರುವಿಗೆ ಆ ಹಾಳೆಯ ಛಾಯಾಪ್ರತಿಯನ್ನು ಹಿಡಿದು ಮತ್ತೆ ಹೋಗಿದ್ದೆ. ಏರಿಯ ಮೇಲೆ ನಿಂತು ಹಾಳೆಯನ್ನು ಎದುರಿಗೆ ಹಿಡಿದಾಗ ದಿಗಂತ ಹೊಂದಲಿಲ್ಲ, ಚಿತ್ರದ ಹೊಳೆ ನನ್ನ ಕಣ್ಣಿನ ಹೊಳೆಗಿಂತ ಚಪ್ಪಟೆಯಾಗಿತ್ತು. ಕೆಳಗಿಳಿದು, ನೀರಿನ ಹತ್ತಿರ ಹುಲ್ಲಿನ ಮೇಲೆ ಕುಳಿತುಕೊಂಡೆ. ಆಗ ದೂರದ ದಂಡೆಯ ಗೆರೆ ಸರಿಯಾದ ಜಾಗಕ್ಕೆ ಬಂತು. ಅಲ್ಲಿಯ ನೆಲ, ದಂಡೆ ಎಲ್ಲವೂ ಬದಲಾಗಿರುವುದರಿಂದ ಇದನ್ನು ಪುರಾವೆ ಎನ್ನಲಾರೆ. ಆದರೂ ಆ ಹಾಳೆಯ ಮಟ್ಟಿಗೆ ನನ್ನ ‘ಏರಿಯ ಕಣ್ಣು’ ಎಂಬ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಅವನು ಕುಳಿತು ಬರೆದಿರಬೇಕು, ಬಹುಶಃ ಬಹಳ ಹೊತ್ತು. 1656ರಲ್ಲಿ ಅವನು ದಿವಾಳಿಯಾದಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಎದುರಿಗೆ ನೋಡಿ ಬರೆದ ಭೂದೃಶ್ಯಗಳ ಆಲ್ಬಮ್‌ಗಳು ದಾಖಲಾಗಿವೆ. ಮಾರಿದ್ದಕ್ಕಿಂತ ತನ್ನಲ್ಲಿಯೇ ಇಟ್ಟುಕೊಂಡದ್ದು ಹೆಚ್ಚಿರಬೇಕು ಎಂದು ಅದರಿಂದ ಅನಿಸುತ್ತದೆ. ವಾನ್ ಗೋಯೆನ್ ಕೊಳ್ಳುವವರಿಗೆ ಕೊಟ್ಟ ಶಾಂತಿಯೂ ಇದೂ ಒಂದೇ ಅಲ್ಲ.

ದೊಡ್ಡ ನದಿಗಳ ವಿಷಯದಲ್ಲಿ ನನ್ನ ವಾದವನ್ನು ಇನ್ನೂ ಬಿಟ್ಟಿಲ್ಲ. ಮುಂದಿನ ತಿಂಗಳು ರೇನನ್ ಊರಿಗೆ ಹೋಗುವ ಯೋಚನೆಯಿದೆ. ಅಲ್ಲಿಯ ಕುನೇರಾ ಚರ್ಚಿನ ಗೋಪುರವನ್ನು ಹರ್ಕ್ಯುಲಿಸ್ ಸೇಗರ್ಸ್, ವಾನ್ ಗೋಯೆನ್ ಇಬ್ಬರೂ ರೈನ್‌ನ ಕಡೆಯಿಂದ ನೋಡಿ ಚಿತ್ರಿಸಿದ್ದಾರೆ. ಆಚೆ ದಡದ ಚಳಿಗಾಲದ ಏರಿಯ ಮೇಲೆ ನಿಂತೊಮ್ಮೆ, ನೆರೆಬಯಲಿಗೆ ಇಳಿದೊಮ್ಮೆ ಹಾಳೆ ಹಿಡಿದು ನೋಡಿ ಇಲ್ಲಿಯೇ ಬರೆಯುತ್ತೇನೆ. ಮಸಿಕುಡಿಕೆ ಮೇಡಂ, ಬೂದು ವಾಶ್ ಹಾಕುವ ಕ್ರಮವನ್ನು ಅಷ್ಟರಲ್ಲಿ ಸ್ವಲ್ಪ ವಿವರವಾಗಿ ಹೇಳಿದರೆ, ಕೈಲಾದಷ್ಟು ನಾನೂ ಗೀಚಿಕೊಂಡು ಬರುತ್ತೇನೆ.

ಮಸಿಕುಡಿಕೆ

ಖಂಡಿತ ಹೇಳುತ್ತೇನೆ. ಚಾಕ್ ಗೆರೆಗಳನ್ನು ಪೂರ್ತಿ ಮುಗಿಸಿದ ಮೇಲೆಯೇ ನೀರು ಮುಟ್ಟಿಸಿ, ಮಸಿಯನ್ನು ಹಾಲಿನಷ್ಟಲ್ಲ, ಗಂಜಿ ತಿಳಿಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಮೊದಲು ಮೋಡದ ಅಡಿಭಾಗ, ಆಮೇಲೆ ಹತ್ತಿರದ ದಂಡೆಯ ನೆರಳು. ಹೊಳೆಯನ್ನು ಮುಟ್ಟಬೇಡಿ.